ವಕೀಲನ ಹಸಿರು ಗೇಟು

ತಲಾಸ್ ಕಣಿವೆಯಲ್ಲಿ ಬಸ್ಸು ಓಡಿಸುವವರನ್ನು ಕೇಳಿ, ಬಜಾರಿನಲ್ಲಿ ಹಿಟ್ಟಿನ ತುಂಡುಗಳನ್ನು ಎಣ್ಣೆಗೆ ಬಿಟ್ಟು ಬೋರ್ಸೋಕ್ ಕರಿಯುವ ಹೆಂಗಸರನ್ನು ಕೇಳಿ, ವಕೀಲ ಶಾರ್ಶೆನ್ ಯಾರೆಂದು ಎಲ್ಲರೂ ಹೇಳುತ್ತಾರೆ. ಹಾಗಂತ ಅವನೇನು ಕೇಸು ಗೆದ್ದು ಹೆಸರು ಮಾಡಿದವನಲ್ಲ. ಕೋರ್ಟಿನ ಮೆಟ್ಟಿಲು ಹತ್ತುವುದನ್ನು ಬಿಟ್ಟು ಬಹಳ ಕಾಲವಾಯಿತು. ಅವನದೀಗ ಪತ್ತೇದಾರಿ ಕಾದಂಬರಿ ಬರೆಯುವ ಕಸುಬು. ಅದೂ ಎಂಥ ಕಾದಂಬರಿ? ಮೊದಲ ಅಧ್ಯಾಯದಲ್ಲಿ ಆಟದ ಬಯಲಲ್ಲಿ ಒಬ್ಬ ಸಾಯಲೇಬೇಕು. ಒಂದರಲ್ಲಿ ಕುಸ್ತಿಪಟು, ಇನ್ನೊಂದರಲ್ಲಿ ರೇಸಿನ ಸವಾರ, ಮಗದೊಂದರಲ್ಲಿ ಉಲಾಕ್ ಆಡುವವನು. ಆಮೇಲೆ ಕೋರ್ಟು, ಸಾಕ್ಷಿ, ಪಾಟೀಸವಾಲು. ಕೊನೆಗೆ ತಷ್ಟಾನ್ ಎಂಬ ವಕೀಲ ಎದ್ದು ನಿಂತು ಕೊಲೆಗಾರನ ಕಡೆ ಬೆರಳು ತೋರಿಸುತ್ತಾನೆ. ಓದುವವರು ಊಟ ಬಿಟ್ಟು ಓದುತ್ತಾರೆ.

ಅವನ ಮೊದಲ ಓದುಗಾರ್ತಿ ಹೆಂಡತಿ ಕಲಿಚಾ. ಓದುಗಾರ್ತಿ ಎನ್ನುವುದಕ್ಕಿಂತ ಕೇಳುಗಾರ್ತಿ ಎನ್ನಬೇಕು. ಅವಳು ಹಿಟ್ಟು ನಾದುತ್ತಿದ್ದರೆ ಇವನು ಪಕ್ಕದಲ್ಲಿ ಕೂತು ಹೊಸ ಕಥೆ ಹೇಳುತ್ತಿದ್ದ. ಅರ್ಧ ಹಿಟ್ಟು ನಾದುವಷ್ಟರಲ್ಲಿ ಅವಳು ಗುಟ್ಟು ಒಡೆದುಬಿಡುತ್ತಿದ್ದಳು.

"ಸಾಯಿಸ್ದೋನು ಆ ದನದ ಡಾಕ್ಟ್ರು ತಾನೇ?"

"ಅಯ್ಯೋ ನಿನ್ನ! ಅದು ಹೆಂಗೆ ಗೊತ್ತಾಯ್ತು ನಿಂಗೆ?"

"ಟೀ ಕೊಟ್ರೂ ಕುಡೀಲಿಲ್ವಲ್ಲ ಅವ್ನು. ನಿಮ್ಮ ಕೊಲೆಗಡುಕ್ರು ಒಬ್ರೂ ಟೀ ಕುಡಿಯಲ್ಲ ಕಣ್ರೀ. ಅಲ್ಲಾ, ಆ ತಷ್ಟಾನ್ ಹೆಂಡ್ತೀನ ಯಾಕ್ರೀ ಪ್ರತಿ ಪುಸ್ತಕದಲ್ಲೂ ಮೊದಲೇ ಸಾಯಿಸ್ಬಿಡ್ತೀರಾ? ನನ್ ಮೇಲೆ ಏನಾದ್ರೂ ಸಿಟ್ಟಿದ್ರೆ ನೇರ ಹೇಳಿ."

ಕೊಲೆಗಾರ ಬದಲಾಗುತ್ತಿದ್ದ, ಆಟ ಬದಲಾಗುತ್ತಿತ್ತು. ಆದರೆ ಎಲ್ಲ ಕಾದಂಬರಿಗಳ ಕೊನೆಯ ಪುಟ ಮಾತ್ರ ಒಂದೇ. ಊರಲ್ಲಿ ಉಲಾಕ್ ನಡೆಯುತ್ತದೆ, ಗೆದ್ದವನು ಕುದುರೆ ಓಡಿಸಿಕೊಂಡು ಬಂದು ವಕೀಲ ತಷ್ಟಾನನ ನೀಲಿ ಗೇಟಿನ ಮುಂದೆ ಉಲಾಕ್ ಎಸೆಯುತ್ತಾನೆ. ಅಲ್ಲಿಗೆ ಕಥೆ ಮುಗಿಯುತ್ತದೆ. ಬಸ್ಸಿನವರು ಅದಕ್ಕೇ ಇವನನ್ನು ಕಾಡುವುದು. "ವಕೀಲ್ರೇ, ಈ ಸಲಾನೂ ನೀಲಿ ಗೇಟೇನಾ? ಒಂದ್ಸಲ ನಮ್ಮನೆ ಗೇಟಿಗೂ ಹಾಕ್ಸಿ ಮತ್ತೆ!" ಶಾರ್ಶೆನ್ ನಗುತ್ತಿದ್ದ. ಅವನ ಸ್ವಂತ ಗೇಟು ಹಸಿರು, ಅದರ ಮುಂದೆ ಇಪ್ಪತ್ತು ವರ್ಷಕ್ಕೂ ಮೇಲಾಯಿತು ಯಾರೂ ಉಲಾಕ್ ಎಸೆದಿಲ್ಲ ಎನ್ನುವುದು ಬಸ್ಸಿನವರಿಗೆ ಗೊತ್ತಿರಲಿಲ್ಲ. ಊರಿನವರಿಗೆ ಗೊತ್ತಿತ್ತು. ಅವರು ತಮಾಷೆ ಮಾಡುತ್ತಿರಲಿಲ್ಲ.

ಉಲಾಕ್ ಎಂದರೆ ತಲೆ ತೆಗೆದ ಹೋತ, ಆಟಕ್ಕೂ ಅದೇ ಹೆಸರು. ಬಯಲಲ್ಲಿ ಸವಾರರು ಕುದುರೆಯ ಮೇಲಿಂದಲೇ ಬಗ್ಗಿ ಅದನ್ನು ಎತ್ತಬೇಕು, ಒಬ್ಬರ ಕೈಯಿಂದ ಒಬ್ಬರು ಕಿತ್ತುಕೊಳ್ಳಬೇಕು. ಕೊನೆಗೆ ಯಾರ ತೊಡೆಯಡಿ ಅದು ಉಳಿಯಿತೋ ಅವನು ಗುಂಪಿನಿಂದ ತಪ್ಪಿಸಿಕೊಂಡು ಊರೊಳಗೆ ನುಗ್ಗಿ, ತನಗೆ ಬೇಕಾದವರ ಗೇಟಿನ ಮುಂದೆ ಎಸೆಯುತ್ತಾನೆ. ಆ ಮನೆಯವರು ಗೆದ್ದವನಿಗೆ ಚಪಾನ್ ಎಂಬ ಉದ್ದ ನಿಲುವಂಗಿ ಹೊದಿಸಬೇಕು, ಮಾಂಸ ಬೇಯಿಸಿ ಬೀದಿಗೆಲ್ಲ ಬಡಿಸಬೇಕು. ಖರ್ಚಿನ ಬಾಬತ್ತೇ. ಆದರೂ ಉಲಾಕ್ ಬಿದ್ದ ಮನೆಗೆ ಆ ವರ್ಷವೆಲ್ಲ ಒಳ್ಳೆಯದಾಗುತ್ತದೆ, ಈ ಮನುಷ್ಯ ನಮ್ಮವನು ಎಂದು ಊರು ಹೇಳಿದ ಹಾಗಾಗುತ್ತದೆ. ಎಲ್ಲಿಗೆ ಎಸೆ ಅಂತ ಸವಾರನ ಮನೆಯವರ ಹೊರತು ಯಾರೂ ಹೇಳುವಂತಿಲ್ಲ. ಎಸೆಯಬೇಡ ಅಂತಲೂ ಯಾರೂ ಹೇಳಿರಲಿಲ್ಲ. ಸುಮ್ಮನೆ, ಹಸಿರು ಗೇಟಿನ ಹತ್ತಿರ ಬಂದಾಗ ಕುದುರೆಗಳು ನಿಲ್ಲುತ್ತಿರಲಿಲ್ಲ.

ಯಾಕೆ ಅಂತ ಕೇಳಿದರೆ ಹಳೆಯ ಕಥೆ ತೆಗೆಯಬೇಕಾಗುತ್ತದೆ.

ಶಾರ್ಶೆನ್ ಕಾನೂನು ಓದಿ ಊರಿಗೆ ಮರಳಿದ ವರ್ಷ ಅವನ ಜೀವದ ಗೆಳೆಯ ಕುಬಾತ್ ಉಲಾಕಿನಲ್ಲಿ ಸತ್ತ. ಹೊಳೆಯಾಚೆ ಊರಿನ ಒರೋಜ್ ಎಂಬ ಸವಾರ ಕಿತ್ತಾಟದಲ್ಲಿ ಕುಬಾತನ ಕುದುರೆಯ ಮುಖಕ್ಕೆ ಚಾಟಿ ಬೀಸಿದ. ಕುದುರೆ ಮಗುಚಿತು, ಕುಬಾತ್ ಅದರಡಿ ಸಿಕ್ಕಿದ. ಅವನ ತಾಯಿ ಬತ್ಮಾ ವಿಧವೆ, ಅವಳಿಗಿದ್ದವನು ಅವನೊಬ್ಬನೇ ಮಗ.

ಎರಡೂ ಊರಿನ ಬಿಳಿಗಡ್ಡದ ಹಿರಿಯರು ಹುಲ್ಲಿನ ಮೇಲೆ ಕೂತು ಒಂದಿಡೀ ದಿನ ಮಾತಾಡಿದರು. ಕೊನೆಗೆ ಬತ್ಮಾಳನ್ನೇ ಕೇಳಿದರು, ನಿನಗೆ ಏನು ಬೇಕಮ್ಮ ಎಂದು. ಅವಳು ಒರೋಜನ ಕಡೆ ನೋಡಿದಳು. ಅವನು ನೆಲ ನೋಡಿಕೊಂಡು ಅಳುತ್ತಿದ್ದ. "ಮಗನ್ನ ತಗೊಂಡೋನು ಮಗನಾಗ್ಲಿ" ಅಂದಳು. ಹಿರಿಯರು ಅಂಗೈ ಎತ್ತಿ ಮುಖ ಸವರಿಕೊಂಡು ಹರಸಿದರು. ಹಾಗೆ ಹರಸಿ ಎದ್ದ ಮೇಲೆ ಆ ಮಾತು ಮುಗಿಯಿತು, ಅದನ್ನು ಇನ್ನು ಯಾರೂ ಕೆದಕುವಂತಿಲ್ಲ. ಮರುದಿನವೇ ಒರೋಜ್ ಹೊಳೆ ದಾಟಿ ಬಂದು ಬತ್ಮಾಳ ಹುಲ್ಲು ಕೊಯ್ದು ಕೊಟ್ಟ, ಸೌದೆ ಒಡೆದ, ಅವಳನ್ನು ಆಪಾ ಎಂದು ಕರೆದ. ನಮ್ಮಲ್ಲಿ ಹೆತ್ತ ತಾಯಿಯನ್ನು ಕರೆಯುವ ಹಾಗೆ.

ಶಾರ್ಶೆನ್‌ಗೆ ಮೈಯೆಲ್ಲ ಉರಿಯಿತು. ಗೆಳೆಯನ ಜೀವಕ್ಕೆ ಒಂದು ಹೊರೆ ಹುಲ್ಲು ಬೆಲೆಯೇ? ಆಗಷ್ಟೇ ಓದಿ ಬಂದ ಬಿಸಿ ರಕ್ತ ಬೇರೆ. ಪಟ್ಟಣದಲ್ಲಿದ್ದ ಕುಬಾತನ ಚಿಕ್ಕಪ್ಪನನ್ನು ಹಿಡಿದು ದೂರು ಹಾಕಿಸಿದ, ತಾನೇ ನಿಂತು ವಾದಿಸಿದ. ಚಾಟಿ ಬೀಸಿದ್ದನ್ನು ಕಂಡವರನ್ನು ಒಬ್ಬೊಬ್ಬರಾಗಿ ಕಟಕಟೆಗೆ ಎಳೆದು ತಂದ. ಗೆದ್ದ. ಒರೋಜ್‌ಗೆ ಜೈಲಾಯಿತು.

ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತ ಹಿರಿಯರು ಸುಮ್ಮನೆ ಹೇಳಲಿಲ್ಲ. ತೀರ್ಪಾದ ದಿನ ಬತ್ಮಾ ಕೂಡ ಬಂದಿದ್ದಳು, ಕೈಯಲ್ಲಿ ಬಟ್ಟೆಯ ಗಂಟು. ಬಿಸಿ ಬೋರ್ಸೋಕಿನ ವಾಸನೆ ಮೂಗಿಗೆ ಬಡಿಯುತ್ತಿತ್ತು. ಚಿಕ್ಕಂದಿನಲ್ಲಿ ಕುಬಾತ್ ಮತ್ತು ಶಾರ್ಶೆನ್ ಅವಳ ಒಲೆಯ ಮುಂದೆ ಕೂತು ಅದನ್ನೇ ಕಿತ್ತಾಡಿ ತಿಂದವರು. ತನಗೇ ತಂದಿದ್ದಾಳೆ ಅಂತ ಇವನು ಎರಡು ಹೆಜ್ಜೆ ಮುಂದೆ ಬಂದ, ಕೈಯನ್ನೂ ಚಾಚಿದ. ಅವಳು ಇವನ ಪಕ್ಕದಿಂದಲೇ ಹಾದು ಹೋಗಿ, ಪೊಲೀಸರ ನಡುವೆ ನಿಂತಿದ್ದ ಒರೋಜನ ಎದೆಗೆ ಆ ಗಂಟು ಒತ್ತಿದಳು. "ದಾರೀಲಿ ತಿನ್ನು ಮಗಾ" ಅಂದಳು. ಚಾಚಿದ ಕೈಯನ್ನು ಎಲ್ಲಿಡಬೇಕೆಂದು ಶಾರ್ಶೆನ್‌ಗೆ ತಿಳಿಯಲಿಲ್ಲ. ಒಬ್ಬ ಮಗನನ್ನು ಆಟ ಕಿತ್ತುಕೊಂಡಿತ್ತು, ಇನ್ನೊಬ್ಬನನ್ನು ತಾನು ಕಿತ್ತುಕೊಂಡೆ ಎಂದು ಅವನಿಗೆ ಹೊಳೆದದ್ದು ಆ ಹೊತ್ತಿನಲ್ಲಿ.

ಆಮೇಲೆ ಕೋರ್ಟಿನಲ್ಲಿ ಎದ್ದು ನಿಂತರೆ ಅವನ ಬಾಯಿ ಒಣಗುತ್ತಿತ್ತು. ಒಂದು ವರ್ಷ ತಿಣುಕಿದ, ಬಿಟ್ಟ. ಪತ್ರಿಕೆಯೊಂದಕ್ಕೆ ಹೊಟ್ಟೆಪಾಡಿಗೆಂದು ಒಂದು ಕೊಲೆಯ ಕಥೆ ಬರೆದುಕೊಟ್ಟ, ಜನ ಮುಂದಿನ ವಾರ ಯಾವಾಗ ಅಂತ ಕೇಳಿದರು. ಕಾಗದದ ಕೋರ್ಟಿನಲ್ಲಿ ಅವನ ಬಾಯಿ ಒಣಗಲಿಲ್ಲ. ಅಲ್ಲಿ ಹಿಡಿದದ್ದೆಲ್ಲ ನಿಜವಾದ ಕೊಲೆಗಾರರನ್ನೇ, ಶಿಕ್ಷೆಯಾದರೆ ಯಾವ ತಾಯಿಯೂ ಅಳುತ್ತಿರಲಿಲ್ಲ.

ಬತ್ಮಾ ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಬೈಯಲಿಲ್ಲ, ಶಪಿಸಲಿಲ್ಲ. ಅಂಗಡಿಗೆಂದು ಇವನಿರುವ ಕೆಳಗಿನ ಬೀದಿಗೆ ಬಂದಾಗ ಎದುರಾದರೆ "ಚೆನ್ನಾಗಿದೀಯಾ? ಹೆಂಡ್ತಿ ಚೆನ್ನಾಗಿದಾಳಾ?" ಅಷ್ಟೇ. ಅದನ್ನು ಊರಿನ ನಾಯಿಗೂ ಕೇಳುತ್ತಾರೆ. ಮಗಾ ಎನ್ನುವ ಒಂದು ಮಾತಿಗೆ ಅವನು ಕಾದ. ಮದುವೆ, ಹಬ್ಬ, ತಿಥಿಗೆಲ್ಲ ಅವನನ್ನು ಕರೆಯುತ್ತಿದ್ದರು, ಅವನ ವಯಸ್ಸಿಗೆ ತಕ್ಕ ಎಲುಬಿನ ತುಂಡನ್ನೇ ತಟ್ಟೆಗೆ ಹಾಕುತ್ತಿದ್ದರು. ಒಂದರಲ್ಲೂ ಕಡಿಮೆ ಮಾಡಲಿಲ್ಲ. ಉಲಾಕ್ ಮಾತ್ರ ಬರಲಿಲ್ಲ.

ಬರುತ್ತಿದ್ದದ್ದು ಎದುರು ಮನೆಗೆ. ಎದುರು ಮನೆಯ ಮುಕಾಶ್ ರಾಜ್ಮಾ ಬೆಳೆಯುವವನು, ದೊಡ್ಡ ಬಾಯಿ, ಅದಕ್ಕಿಂತ ದೊಡ್ಡ ಕೈ. ಅವನ ಗೇಟಿಗೆ ಆಕಾಶದ ಬಣ್ಣ ಬಳಿದಿದ್ದ. ವರ್ಷಕ್ಕೊಂದು ಉಲಾಕಾದರೂ ಅಲ್ಲಿ ದೊಪ್ಪನೆ ಬೀಳುತ್ತಿತ್ತು. ಆಟದ ದಿನ ಶಾರ್ಶೆನ್ ಬಯಲಿನಲ್ಲಿ ನಿಲ್ಲುತ್ತಿರಲಿಲ್ಲ. ಮನೆಗೆ ಬಂದು ಬೀದಿಯ ಕಡೆಯ ಕಿಟಕಿಯಲ್ಲಿ ನಿಲ್ಲುತ್ತಿದ್ದ. ಗೊರಸಿನ ಸದ್ದು ಕೆಳಗಿನ ಬೀದಿಗೆ ತಿರುಗಿದರೆ ಅವನ ಎದೆ ಹೊಡೆದುಕೊಳ್ಳುತ್ತಿತ್ತು. ಕಲಿಚಾ ಅದೇ ಹೊತ್ತಿಗೆ ಎಣ್ಣೆ ಕಾಯಲಿಟ್ಟು ಬೋರ್ಸೋಕಿಗೆ ಹಿಟ್ಟು ಕಲಸುತ್ತಿದ್ದಳು. ಯಾರಿಗೆ ಅಂತ ಅವನು ಕೇಳಲಿಲ್ಲ, ಅವಳು ಹೇಳಲಿಲ್ಲ. ಪೆಟ್ಟಿಗೆಯ ತಳದಲ್ಲಿ ಕಪ್ಪು ವೆಲ್ವೆಟ್ಟಿನ ಒಂದು ಚಪಾನ್ ಇತ್ತು. ಪ್ರತಿ ವಸಂತದಲ್ಲೂ ಅವಳು ಅದನ್ನು ಬಿಸಿಲಿಗೆ ಹರವಿ, ನುಸಿ ಕೊಡವಿ, ಮಡಚಿ ಮತ್ತೆ ಒಳಗಿಡುತ್ತಿದ್ದಳು.

ಒರೋಜ್ ಜೈಲಿನಿಂದ ಬಂದ. ಬಂದವನು ಮೊದಲು ತನ್ನ ಮನೆಗೂ ಹೋಗದೆ ಬತ್ಮಾಳ ಹುಲ್ಲಿನ ಬಣವೆಗೆ ಹೋದ ಅಂತ ಊರು ಮಾತಾಡಿತು. ಆಮೇಲಿನ ವರ್ಷಗಳಲ್ಲೂ ಅವನೇ ಮಗ. ಅವನ ಮನೆಯವರು ಸೇತುವೆ ದಾಟಿ ಮೇಲಿನ ಬೀದಿಯ ಬತ್ಮಾಳ ಮನೆಗೆ ಬರುತ್ತಿದ್ದರು, ಅಲ್ಲಿಂದಲೇ ಹಿಂತಿರುಗುತ್ತಿದ್ದರು. ವಕೀಲನಿರುವ ಕೆಳಗಿನ ಬೀದಿಗೆ ಅವರಲ್ಲೊಬ್ಬರೂ ಕಾಲಿಡುತ್ತಿರಲಿಲ್ಲ. ಒರೋಜನ ಮಗ ಎರ್ಮೆಕ್ ಬೆಳೆದು ಒಳ್ಳೆಯ ಸವಾರನಾದ. ಅವನು ಅಜ್ಜಿಗೆ ಸಂಜೆ ಹೊತ್ತು ಪುಸ್ತಕ ಓದಿ ಹೇಳುತ್ತಾನಂತೆ ಎಂದು ಯಾರೋ ಅಂದರು. ಯಾವ ಪುಸ್ತಕ ಅಂತ ಕೇಳಲು ಶಾರ್ಶೆನ್‌ಗೆ ಧೈರ್ಯ ಬರಲಿಲ್ಲ.

ಬತ್ಮಾ ತೀರಿಕೊಂಡಳು. ಮಣ್ಣು ಹಾಕುವಾಗ ಶಾರ್ಶೆನ್ ಕೊನೆಯ ಸಾಲಿನಲ್ಲಿದ್ದ. ಇನ್ನು ಆ ಮಾತು ಬರುವುದಿಲ್ಲವಲ್ಲ ಎಂದು ಅತ್ತ. ಅವಳು ಸತ್ತದ್ದಕ್ಕೆ ಅತ್ತನೋ, ಮಾತಿಗಾಗಿ ಅತ್ತನೋ, ಅವನಿಗೇ ಬೇರ್ಪಡಿಸಲು ಬರಲಿಲ್ಲ. ಆ ವರ್ಷ ಅವನು ಒಂದು ಸಾಲನ್ನೂ ಬರೆಯಲಿಲ್ಲ.

ವರ್ಷ ತುಂಬಿತು. ರಾಜ್ಮಾ ಬಡಿದು ಮುಗಿದ ಮೇಲೆ ಒರೋಜ್ ತಾಯಿಯ ವರ್ಷದ ತಿಥಿಯನ್ನು ದೊಡ್ಡದಾಗಿ ಮಾಡಿದ. ತುಂಬು ಬಾಳು ಬಾಳಿದವಳು, ಆದ್ದರಿಂದ ಊಟಕ್ಕೆ ಕುದುರೆ ಕಡಿದರು, ಉಲಾಕ್ ಇಟ್ಟರು. ಶಾರ್ಶೆನ್ ಹೋದ, ಹಿರಿಯರ ಸಾಲಿನಲ್ಲಿ ಕೂತು ಉಂಡ, ಅಂಗೈ ಎತ್ತಿ ಪ್ರಾರ್ಥಿಸಿದ. ಸವಾರರು ಕುದುರೆಯ ಪಟ್ಟಿ ಬಿಗಿಯತೊಡಗಿದಾಗ ಎಂದಿನಂತೆ ಎದ್ದು ಮನೆಗೆ ಬಂದ.

"ಬಂದ್ರಾ ಕಾವಲಿಗೆ?" ಅಂದಳು ಕಲಿಚಾ. ಒಲೆಯ ಮೇಲೆ ಎಣ್ಣೆ ಕಾಯುತ್ತಿತ್ತು. "ಕೂತ್ಕೊಂಡಾದ್ರೂ ನೋಡ್ಬಾರ್ದಾ? ಮೊಣಕಾಲು ನೋವು ಅಂತ ರಾತ್ರಿಯೆಲ್ಲ ಗೋಳು ನನ್ಹತ್ರ."

"ಇವತ್ತು ಬರೋದಿಲ್ಲ ಬಿಡು. ಇವತ್ತಂತೂ ಇಲ್ಲ. ಇದು ಅವಳ ತಿಥಿ."

"ಮತ್ಯಾಕೆ ನಿಂತಿದೀರಿ?"

ಅವನು ಕಿಟಕಿಯ ಕಟ್ಟೆಗೆ ಕೈಯೂರಿದ. ಹೊತ್ತು ಇಳಿಯತೊಡಗಿತ್ತು. ಬಯಲಿನ ಕಡೆಯಿಂದ ಜನರ ಕೂಗು ಏರುತ್ತ ಇಳಿಯುತ್ತ ಬಂತು, ಒಮ್ಮೆಲೇ ಹೋ ಎಂದಿತು. ಯಾರೋ ಎತ್ತಿಕೊಂಡು ಓಡಿದರು. ಗೊರಸಿನ ಸದ್ದು ಮೇಲಿನ ಬೀದಿ ದಾಟಿತು, ಮಸೀದಿ ದಾಟಿತು, ಕೆಳಗಿನ ಬೀದಿಗೆ ತಿರುಗಿತು. ಧೂಳಿನೊಳಗಿಂದ ಕೆಂಪು ಕುದುರೆ, ಅದರ ಮೇಲೆ ಎರ್ಮೆಕ್. ಒರೋಜನ ಮನೆಯವನು, ಕೆಳಗಿನ ಬೀದಿಯಲ್ಲಿ!

"ಕಲಿಚಾ" ಎಂದ ಶಾರ್ಶೆನ್.

ಹುಡುಗ ಕುದುರೆಯ ವೇಗ ತಗ್ಗಿಸಿದ. ಆ ಕಡೆ ನೋಡಿದ, ಈ ಕಡೆ ನೋಡಿದ. ಹಸಿರು ಗೇಟಿನ ಎದುರಿಗೇ ಬಂದ. ಕುದುರೆಯ ಉಸಿರು ಕಿಟಕಿಯ ಗಾಜಿಗೆ ತಾಗುವಷ್ಟು ಹತ್ತಿರ. ಕಲಿಚಾ ಆಗಲೇ ಪೆಟ್ಟಿಗೆ ತೆರೆದು ಚಪಾನ್ ಹಿಡಿದು ನಿಂತಿದ್ದಳು. ಆಗ ಎರ್ಮೆಕ್‌ನ ಮುಖ ಅರಳಿತು, ಕುದುರೆಯನ್ನು ಗರಕ್ಕನೆ ತಿರುಗಿಸಿದ, ಏನೋ ಕೂಗಿದ. ಬೆನ್ನಟ್ಟಿ ಬಂದವರ ಗದ್ದಲದಲ್ಲಿ ಅದು ಒಳಗೆ ಕೇಳಿಸಲಿಲ್ಲ. ಉಲಾಕ್ ಮುಕಾಶನ ನೀಲಿ ಗೇಟಿನ ಮುಂದೆ ದೊಪ್ಪನೆ ಬಿತ್ತು.

ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಅಂತಾರಲ್ಲ, ಹಾಗೆ.

"ಮಡಚಿಡು" ಎಂದ ಶಾರ್ಶೆನ್.

ಕಲಿಚಾ ಮಡಚಲಿಲ್ಲ. ಚಪಾನನ್ನು ಎದೆಗೆ ಅವುಚಿಕೊಂಡು, "ಏನ್ರೀ ಮಾಡಿದ್ವಿ ನಾವು ಈ ಊರಿಗೆ? ಒಬ್ರ ಮನೇದು ಕದ್ವಾ, ಕಿತ್ಕೊಂಡ್ವಾ? ಯಾವತ್ತೋ ಒಂದ್ಸಲ ತಪ್ಪಾಯ್ತು, ಆಯ್ತಪ್ಪ! ಸಾಯೋವರೆಗೂನಾ?" ಎಂದು ಗೊಳೋ ಎಂದು ಅತ್ತಳು. ಇಷ್ಟು ವರ್ಷ ತಮಾಷೆಯಲ್ಲೇ ತೇಲಿಸಿದವಳು. ಅವಳೂ ತನ್ನಷ್ಟೇ ಹಂಬಲಿಸಿದ್ದಳೆಂದು ಅವನಿಗೆ ಅವತ್ತೇ ಗೊತ್ತಾದದ್ದು. ಅವಳ ಕಡೆ ತಿರುಗಲೂ ನಾಚಿಕೆಯಾಗಿ ಅವನು ಕಿಟಕಿಯಲ್ಲೇ ನಿಂತ.

ಹೊರಗೆ ಏನೋ ಎಡವಟ್ಟಾಗಿತ್ತು. ಯಾರೂ ಹರಸುತ್ತಿರಲಿಲ್ಲ, ಯಾರೂ ನಗುತ್ತಿರಲಿಲ್ಲ. ಮುಕಾಶ್ ಕೈ ತಿರುಗಿಸಿ ತಿರುಗಿಸಿ ಮಾತಾಡುತ್ತಿದ್ದ. ಬೆಳ್ಳಗಾದ ಮೀಸೆಯ ಒರೋಜ್ ಓಡುತ್ತ ಬಂದು ಮಗನ ಕುದುರೆಯ ಲಗಾಮು ಹಿಡಿದು ಬೈಯುತ್ತಿದ್ದ. ಆಮೇಲೆ ಮೂವರೂ ಬೀದಿ ದಾಟಿದರು. ಹಸಿರು ಗೇಟು ಕಿರ್ ಎಂದಿತು.

ಮೊದಲು ಒಳಗೆ ಬಂದವನು ಮುಕಾಶ್. "ಏನಯ್ಯಾ ನೀನು! ಹಸಿರು ಗೇಟು ಇಟ್ಕೊಂಡು ಪುಸ್ತಕದ ತುಂಬ ನೀಲಿ ಗೇಟು, ನೀಲಿ ಗೇಟು ಅಂತ ಯಾಕಯ್ಯಾ ಬರೀತೀಯಾ? ನೋಡೀಗ, ನಿಂದು ನನ್ನ ಮನೆ ಮುಂದೆ ಬಿದ್ದಿದೆ!"

ಎರ್ಮೆಕ್‌ನ ಮುಖ ಕೆಂಪಾಗಿತ್ತು. "ತಪ್ಪಾಯ್ತು ಮಾವ. ಅಪ್ಪ ಬೆಳಿಗ್ಗೆ, ಗೆದ್ರೆ ವಕೀಲರ ಗೇಟಿಗೆ ಹಾಕು ಅಂದ್ರು. ಯಾವುದು ಅಂತ ಕೇಳೋದೇನಿದೆ, ಅಷ್ಟೂ ಪುಸ್ತಕ ಅಜ್ಜಿಗೆ ಓದಿ ಹೇಳ್ದೋನು ನಾನೇ ಅಂದ್ಕೊಂಡೆ. ಈ ಬೀದಿಗೆ ಯಾವತ್ತೂ ಬಂದೋನಲ್ಲ. ಬರ್ತಿದ್ದಂಗೆ ನೀಲಿ ಕಾಣಿಸ್ತು..."

"ಒಂದ್ಸಲ ಕೇಳೋಕೆ ನಿನ್ ಬಾಯಿ ಸವೆದೋಗ್ತಿತ್ತಾ?" ಎಂದ ಒರೋಜ್.

ಶಾರ್ಶೆನ್ ಕಿಟಕಿಯಾಚೆ ಕೈ ತೋರಿಸಿದ. "ಉಲಾಕ್ ಬೀಳೋದನ್ನ ನಾನು ನೋಡಿದ್ದು ಈ ಕಿಟಕಿಯಿಂದ, ಮುಕಾಶ್. ಬೀಳೋ ಗೇಟು ನೀಲೀನೇ ಇತ್ತು. ಬೇರೆ ಬಣ್ಣ ನಂಗೆ ಹೊಳೀಲೇ ಇಲ್ಲ" ಎಂದ.

ಮುಕಾಶನ ದೊಡ್ಡ ಬಾಯಿ ಮುಚ್ಚಿತು. ಇಷ್ಟು ವರ್ಷ ಎದುರಿಗೇ ಇದ್ದು ಅವನು ಇದನ್ನು ಯೋಚಿಸಿರಲಿಲ್ಲ.

ಬಿದ್ದ ಉಲಾಕನ್ನು ಎತ್ತಿ ಇನ್ನೊಂದು ಮನೆಗೆ ಒಯ್ಯುವ ಹಾಗಿಲ್ಲ. ಒಯ್ದರೆ ಎರಡೂ ಮನೆಗೆ ಕೇಡು. ಇದು ನಮ್ಮಲ್ಲಿ ಕೂಸಿಗೂ ಗೊತ್ತು. ಮೂವರೂ ತಲೆ ಕೆರೆದುಕೊಂಡು ನಿಂತರು. ಕಲಿಚಾ ಕಣ್ಣೊರೆಸಿಕೊಂಡು ಬಂದಳು. "ಗಂಡಸ್ರು ನಿಂತು ಯೋಚ್ನೆ ಮಾಡಿದ್ರೆ ಮಾಂಸ ಹಳಸತ್ತೆ ಅಷ್ಟೇ. ಬೇಯೋದು ಅವ್ರ ಒಲೇಲಿ ಬೇಯ್ಲಿ. ಚಪಾನ್ ನಮ್ದು, ಬೋರ್ಸೋಕ್ ನಮ್ದು. ನಡೀರಿ ಆಚೆಗೆ."

ಆದರೂ ಶಾರ್ಶೆನ್ ಕಿಟಕಿಯ ಕಟ್ಟೆ ಹಿಡಿದ ಕೈ ಬಿಡಲಿಲ್ಲ. "ಒರೋಜ್" ಎಂದ. ಆ ಹೆಸರನ್ನು ಅವನ ಎದುರಿಗೆ ಹೇಳಿದ್ದು ಕೋರ್ಟಿನ ನಂತರ ಇದೇ ಮೊದಲು. "ನನ್ನ ಗೇಟಿಗೆ ಹಾಕು ಅಂತ ನೀನೇ ಹೇಳಿದ್ಯಾ?"

"ನಾನಾಗಿದ್ರೆ ಹೇಳ್ತಿರ್ಲಿಲ್ಲ ವಕೀಲ್ರೇ. ಸುಳ್ಳು ಯಾಕೆ ಹೇಳ್ಲಿ? ಜೈಲಿನ ಚಳಿ ಇನ್ನೂ ಮೂಳೇಲಿದೆ. ಆಪಾ ಹೇಳಿದ್ದು, ಕೊನೇ ದಿನಗಳಲ್ಲಿ. ನನ್ನ ತಿಥಿ ಉಲಾಕ್ ಅವನ ಗೇಟಿಗೆ ಹೋಗ್ಲಿ ಅಂದ್ಲು."

"ಏನು ಅಂದ್ಲು? ಅವಳು ಅಂದಿದ್ದು ಅಂದಂಗೇ ಹೇಳು."

ಒರೋಜ್ ಟೊಪ್ಪಿಗೆ ತೆಗೆದು ಕೈಯಲ್ಲಿ ಹಿಡಿದ. "ಅಂಗಡಿಗೆ ಹೋಗೋವಾಗ್ಲೆಲ್ಲ ಆಟದ ದಿನ ನಿಮ್ಮನ್ನ ಈ ಕಿಟಕೀಲಿ ನೋಡ್ತಿದ್ಲಂತೆ. 'ನನ್ನ ಮಗ ಅಲ್ಲಿ ನಿಂತೇ ಇದಾನೆ ಒರೋಜ್' ಅಂದ್ಲು. 'ನಾನು ಕರೀತೀನಿ ಅಂತ ಅವನು ಕಾದ, ಅವನು ಬರ್ತಾನೆ ಅಂತ ನಾನು ಕಾದೆ. ಇಬ್ರೂ ಹಠಮಾರಿಗಳು. ಇಷ್ಟು ವರ್ಷ ನಿಂತೂ ನಿಂತೂ ಅವನ ಕಾಲು ಬಿದ್ದೋಗಿರತ್ತೆ. ಇನ್ನಾದ್ರೂ ಕೂತ್ಕೊಳ್ಲಿ ಪಾಪ' ಅಂದ್ಲು."

ಮೇಲಿನ ಬೀದಿಗೆ ಅಲ್ಲಿಂದ ಎಷ್ಟು ದೂರ? ಟೀ ಆರುವಷ್ಟರಲ್ಲಿ ಹೋಗಿ ಬರಬಹುದು. ಒಂದು ದಿನವೂ ಅವನು ಹೋಗಿರಲಿಲ್ಲ.

ಶಾರ್ಶೆನ್‌ನ ಮೊಣಕಾಲುಗಳು ನಿಜಕ್ಕೂ ಕೈಕೊಟ್ಟವು. ಒಂದು ಕಡೆ ಮುಕಾಶ್, ಇನ್ನೊಂದು ಕಡೆ ಒರೋಜ್ ಹಿಡಿದುಕೊಂಡರು. ಹಾಗೇ ಅವನನ್ನು ಬೀದಿ ದಾಟಿಸಿ, ಜನ ಬಿಟ್ಟ ದಾರಿಯಲ್ಲಿ ನಡೆಸಿಕೊಂಡು ಹೋಗಿ, ಮುಕಾಶನ ಮನೆಯ ಜಮಖಾನ ಹಾಸಿ ನೀಲಿ ಗೇಟಿನ ಮುಂದೆ ಕೂರಿಸಿದರು. ಅವನು ಕೂತಲ್ಲಿಂದಲೇ ಚಪಾನ್ ಎತ್ತಿದ. ಎರ್ಮೆಕ್ ಅವನ ಮುಂದೆ ಮಂಡಿಯೂರಿ ತೋಳು ತೂರಿಸಿಕೊಂಡ. ಒರೋಜ್ ಕಲಿಚಾಳ ಬಟ್ಟಲಿನಿಂದ ಒಂದು ಬಿಸಿ ಬೋರ್ಸೋಕ್ ತೆಗೆದು ಮುರಿದು, ಅರ್ಧವನ್ನು ವಕೀಲನ ಕೈಗಿಟ್ಟ, ಅರ್ಧವನ್ನು ತಾನು ತಿಂದ. ಶಾರ್ಶೆನ್ ಅಳುತ್ತ ತಿಂದ. ಮಾಂಸ ಬೆಂದು, ಬಡಿಸಿ, ಜನ ಒಬ್ಬೊಬ್ಬರಾಗಿ ಮನೆಗೆ ಹೋಗುವವರೆಗೂ ಅವನು ಅಲ್ಲಿಂದ ಏಳಲಿಲ್ಲ.